ಶಿವಮೊಗ್ಗದಿಂದ ಬೆಂಗಳೂರಿಗೆ ಮನೆ ಬದಲಾವಣೆ: ತಂದೆಯವರ ಹೆಸರಿನ ಗ್ಯಾಸ್, ಹಿಂದಿನ ಬಾಡಿಗೆದಾರರ ಹೆಸರಿನ ಗೃಹಜ್ಯೋತಿ

ಪ್ರಶ್ನೆ: ತುಂಗಾತೀರ

ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದ ವಿನೋಬನಗರದ ಬಾಡಿಗೆ ಮನೆಯಲ್ಲಿ ಹನ್ನೊಂದು ವರ್ಷಗಳಿಂದ ಇದ್ದ ನಾನು ಮತ್ತು ನನ್ನ ತಾಯಿ, ನನಗೆ ವರ್ಗಾವಣೆಯಾಗಿರುವುದರಿಂದ, ಮುಂದಿನ ತಿಂಗಳ ಮೊದಲ ವಾರದಲ್ಲಿ ಬೆಂಗಳೂರಿನ ಬಸವೇಶ್ವರನಗರದಲ್ಲಿ ಗೊತ್ತುಮಾಡಿರುವ ಮೊದಲ ಮಹಡಿಯ ಮನೆಗೆ ಹೋಗುತ್ತಿದ್ದೇವೆ. ಸಾಮಾನು ಸಾಗಿಸುವ ವ್ಯವಸ್ಥೆ ಆಗಿದೆ. ವಿದ್ಯುತ್ ಮತ್ತು ಅಡುಗೆ ಅನಿಲದ ವಿಷಯದಲ್ಲಿ ಮಾತ್ರ ಯಾವ ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ತಿಳಿಯುತ್ತಿಲ್ಲ. ಅನುಭವವಿರುವವರು ದಯವಿಟ್ಟು ಮಾರ್ಗದರ್ಶನ ನೀಡಬೇಕೆಂದು ಕೋರುತ್ತೇನೆ.

ಮೊದಲಿಗೆ ಗ್ಯಾಸ್ ವಿಚಾರ. ನಮ್ಮ ಸಂಪರ್ಕ ಇಂದಿಗೂ ತಂದೆಯವರ ಹೆಸರಿನಲ್ಲಿದೆ. ಅವರು ತೀರಿಕೊಂಡು ನಾಲ್ಕು ವರ್ಷಗಳಾದವು. ಮೊಬೈಲ್ ಸಂಖ್ಯೆ ನನ್ನದೇ ಇದ್ದುದರಿಂದ ಸಿಲಿಂಡರ್ ಕಾಯ್ದಿರಿಸುವುದಕ್ಕೆ ಯಾವ ತೊಂದರೆಯೂ ಆಗದೆ, ಹೆಸರು ಬದಲಿಸುವ ಕೆಲಸ ಮುಂದಕ್ಕೆ ಹೋಗುತ್ತಲೇ ಬಂತು. ಈಗ ಊರು ಬಿಡುವಾಗ ಏಜೆನ್ಸಿಯವರು ಸಂಪರ್ಕದಾರರೇ ಬಂದು ಸಹಿ ಹಾಕಬೇಕೆನ್ನುತ್ತಿದ್ದಾರೆ. ಸಂಪರ್ಕ ಪಡೆದಾಗ ಕೊಟ್ಟಿದ್ದ ಮೂಲ ಚೀಟಿ ಸಿಕ್ಕಿದೆ. ಗ್ಯಾಸ್ ಪುಸ್ತಕವೂ ಇದೆ. ಆ ಪುಸ್ತಕದಲ್ಲಿ ಸಿಲಿಂಡರ್ ಬಂದ ದಿನಾಂಕಗಳನ್ನು ತಂದೆಯವರು ತಮ್ಮ ಕೈಯಿಂದಲೇ ಬರೆದಿಡುತ್ತಿದ್ದರು. ಹಾಗಾಗಿ ಅದನ್ನು ಹಿಂದಿರುಗಿಸಬೇಕಾಗುತ್ತದೆ ಎಂದರೆ ಅಮ್ಮನಿಗೆ ಬಹಳ ಸಂಕಟ. ಎರಡು ಸಿಲಿಂಡರ್ ಮತ್ತು ಒಂದು ರೆಗ್ಯುಲೇಟರ್ ಇವೆ. ಅವನ್ನು ಸಾಮಾನಿನ ಲಾರಿಯಲ್ಲಿಯೇ ಒಯ್ಯಬಹುದೇ?

ಎರಡನೆಯದು ವಿದ್ಯುತ್. ಶಿವಮೊಗ್ಗದ ಮನೆಗೆ ಗೃಹಜ್ಯೋತಿ ನನ್ನ ಆಧಾರ್ ಮೂಲಕ ನೋಂದಣಿಯಾಗಿದೆ. ಬೆಂಗಳೂರಿನ ಮನೆಯ ಮೀಟರ್‌ಗೆ ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಜೋಡಿಸಿ ಹೋಗಿದ್ದಾರೆ ಎಂದು ಮನೆಯ ಮಾಲೀಕರೇ ಹೇಳಿದರು. ಕೆಳಗಡೆ ಒಂದೇ ಹಲಗೆಯ ಮೇಲೆ ಮೂರು ಮೀಟರ್‌ಗಳಿವೆ. ಮಧ್ಯದ್ದು ನಮ್ಮದೆಂದು ಅವರ ಅಂದಾಜು. ಕೊನೆಯ ಬಿಲ್ ಕೇಳಿದರೆ, ಎರಡು ತಿಂಗಳ ಬಾಕಿ ಇರಬಹುದು, ವಿಚಾರಿಸಿ ಹೇಳುತ್ತೇನೆ ಎಂದಿದ್ದಾರೆ. ಈ ಬಾಕಿ ನಮ್ಮ ಮೇಲೆ ಬರುತ್ತದೆಯೇ? ನಾನು ಸಂಪರ್ಕವನ್ನು ನನ್ನ ಹೆಸರಿಗೆ ಮಾಡಿಸಿಕೊಳ್ಳಬೇಕೇ?

ಇನ್ನೊಂದು ಸಂಗತಿ. ಹೊಸ ಮನೆಗೆ ಕಾಲಿಟ್ಟ ದಿನ ಒಲೆಯ ಮೇಲೆ ಹಾಲು ಉಕ್ಕಿಸಲೇಬೇಕು ಎಂಬುದು ಅಮ್ಮನ ಇಚ್ಛೆ. ಅಂದು ಮನೆಯಲ್ಲಿ ದೀಪ ಉರಿದು ಒಲೆ ಹೊತ್ತಬೇಕಾದರೆ ಇಂದಿನಿಂದಲೇ ಏನೇನು ಮಾಡಬೇಕು ಎಂಬುದು ನನ್ನ ನಿಜವಾದ ಪ್ರಶ್ನೆ.

ಉತ್ತರ 1: ನಿವೃತ್ತ ಎಸ್ಕಾಂ ನೌಕರ

ತಾವು ಹೊರಡುವುದಕ್ಕೆ ಮೊದಲೇ ಕೇಳಿದ್ದು ಒಳ್ಳೆಯದಾಯಿತು. ನಾನು ಸೇವೆಯಲ್ಲಿದ್ದ ವರ್ಷಗಳಲ್ಲಿ ಕಚೇರಿಗೆ ಬರುತ್ತಿದ್ದವರ ಪೈಕಿ ಹೆಚ್ಚಿನವರು ಮನೆ ಬದಲಿಸಿ ಎರಡು ತಿಂಗಳು ಕಳೆದ ಮೇಲೆ, ಕೈಯಲ್ಲಿ ದೊಡ್ಡ ಬಿಲ್ ಹಿಡಿದುಕೊಂಡೇ ಬರುತ್ತಿದ್ದರು. ಅಷ್ಟು ಹೊತ್ತಿಗೆ ಯಾರ ಬಳಕೆ ಎಲ್ಲಿಗೆ ಮುಗಿಯಿತು ಎಂಬುದಕ್ಕೆ ಯಾವ ದಾಖಲೆಯೂ ಉಳಿದಿರುತ್ತಿರಲಿಲ್ಲ.

ಒಂದು ಮಾತನ್ನು ಮೊದಲು ಮನಸ್ಸಿನಲ್ಲಿಟ್ಟುಕೊಂಡರೆ ಉಳಿದದ್ದೆಲ್ಲ ಸುಲಭವಾಗುತ್ತದೆ. ವಿದ್ಯುತ್ ಸಂಪರ್ಕ ಮನೆಗೆ ಸೇರಿದ್ದು, ಗ್ಯಾಸ್ ಸಂಪರ್ಕ ಮನುಷ್ಯರಿಗೆ ಸೇರಿದ್ದು. ನೀವು ಊರು ಬಿಟ್ಟರೂ ಮೀಟರ್ ಗೋಡೆಯ ಮೇಲೆಯೇ ಇರುತ್ತದೆ, ಸಂಪರ್ಕದ ಗುರುತಾದ ಆರ್‌.ಆರ್‌. ಸಂಖ್ಯೆ ಬದಲಾಗುವುದಿಲ್ಲ, ಠೇವಣಿ ಆ ಸಂಪರ್ಕದ ಲೆಕ್ಕದಲ್ಲಿಯೇ ಉಳಿಯುತ್ತದೆ. ಅದರ ಮೇಲೆ, ಶಿವಮೊಗ್ಗ ಮೆಸ್ಕಾಂ ವ್ಯಾಪ್ತಿಗೆ ಸೇರಿದ್ದು, ಬೆಂಗಳೂರು ಬೆಸ್ಕಾಂ ವ್ಯಾಪ್ತಿಗೆ. ಆದ್ದರಿಂದ ವಿದ್ಯುತ್ತಿನಲ್ಲಿ ‘ವರ್ಗಾವಣೆ’ ಎಂಬ ಕೆಲಸವೇ ಇಲ್ಲ. ಅಲ್ಲಿ ಸರಿಯಾಗಿ ಲೆಕ್ಕ ಮುಗಿಸುವುದು, ಇಲ್ಲಿ ಸರಿಯಾಗಿ ಲೆಕ್ಕ ಆರಂಭಿಸುವುದು, ಇಷ್ಟೇ. ಗೃಹಜ್ಯೋತಿ ಒಂದು ಮಾತ್ರ ಮನುಷ್ಯರ ಆಧಾರ್ ಅನ್ನು ಮನೆಯ ಮೀಟರ್‌ಗೆ ಗಂಟು ಹಾಕುತ್ತದೆ. ಮನೆ ಬದಲಿಸುವವರಿಗೆ ತೊಡಕಾಗುವುದು ಈ ಗಂಟಿನಲ್ಲಿಯೇ.

ಒಂದು ಆಧಾರ್ ಸಂಖ್ಯೆಗೆ ಒಂದೇ ಮೀಟರ್. ನಿಮ್ಮ ಆಧಾರ್ ಶಿವಮೊಗ್ಗದ ಖಾತೆಯಿಂದ ಬಿಡಿಸಿಕೊಳ್ಳುವವರೆಗೆ ಬೆಂಗಳೂರಿನ ಖಾತೆಗೆ ಜೋಡಣೆಯಾಗುವುದಿಲ್ಲ. ಹಿಂದಿನ ಬಾಡಿಗೆದಾರರು ತಮ್ಮ ಆಧಾರ್ ಅನ್ನು ಬಿಡಿಸಿಕೊಳ್ಳದಿದ್ದರೂ ಅದೇ ಫಲ. ಬಿಡಿಸಿಕೊಳ್ಳುವ, ಅಂದರೆ ಡಿ-ಲಿಂಕ್ ಮಾಡುವ ಅವಕಾಶ ಸೇವಾ ಸಿಂಧು ಜಾಲತಾಣದಲ್ಲಿದೆ. ಆಧಾರ್‌ಗೆ ಜೋಡಿಸಿರುವ ಮೊಬೈಲ್‌ಗೆ ಒಟಿಪಿ ಬರುವುದರಿಂದ ಆ ಸಂಖ್ಯೆ ಚಾಲ್ತಿಯಲ್ಲಿರಬೇಕು. ಸ್ವತಃ ಮಾಡಲಾಗದಿದ್ದರೆ ಕರ್ನಾಟಕ ಒನ್ ಕೇಂದ್ರಕ್ಕೆ ಹೋಗಿ. ಇದನ್ನು ಶಿವಮೊಗ್ಗದ ಕೊನೆಯ ಬಿಲ್ ಬಂದ ಕೂಡಲೇ ಮಾಡಿ. ಆ ನಂತರದ ಬಿಲ್ ಪೂರ್ಣ ದರದಲ್ಲಿ ಬರಬಹುದೆಂದು ಎಣಿಸಿಕೊಂಡು, ಕೊನೆಯ ಕೆಲವು ದಿನಗಳ ಯೂನಿಟ್‌ಗಳ ಹಣವನ್ನು ಅಲ್ಲಿನ ಮಾಲೀಕರಿಗೆ ಲೆಕ್ಕ ಹಾಕಿ ಕೊಟ್ಟುಬಿಡುವುದು ಮರ್ಯಾದೆಯ ಕೆಲಸ. ಹನ್ನೊಂದು ವರ್ಷ ಇದ್ದ ಮನೆಯನ್ನು ಬಿಡುವಾಗ ನಲವತ್ತು ಐವತ್ತು ಯೂನಿಟ್‌ಗಳಿಗಾಗಿ ಮನಸ್ತಾಪ ಉಳಿಯಬಾರದು.

ಬೆಂಗಳೂರಿನ ಮನೆಯ ಹಿಂದಿನ ಬಾಡಿಗೆದಾರರನ್ನು ಹಿಡಿಯಬೇಕಾದವರು ನೀವಲ್ಲ, ಮಾಲೀಕರು. ಅವರ ಬಳಿ ಆ ಬಾಡಿಗೆದಾರರ ಅಡ್ವಾನ್ಸ್ ಹಣ ಇನ್ನೂ ಇದ್ದರೆ, ಬಾಕಿ ಕಟ್ಟಿಸಿ ಡಿ-ಲಿಂಕ್ ಮಾಡಿಸಿದ ನಂತರವೇ ಅದನ್ನು ಹಿಂದಿರುಗಿಸುವಂತೆ ವಿನಯದಿಂದ, ಆದರೆ ಖಚಿತವಾಗಿ ಹೇಳಿ. ಅವರು ಕೈಗೆ ಸಿಗದಿದ್ದರೆ ಬಾಡಿಗೆ ಕರಾರು ಪತ್ರದ ಪ್ರತಿ ಮತ್ತು ಮಾಲೀಕರ ಪತ್ರದೊಂದಿಗೆ ಬೆಸ್ಕಾಂ ಉಪವಿಭಾಗ ಕಚೇರಿಯಲ್ಲಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಕೋರಿಕೆಯ ಮೇಲೆ ಕಚೇರಿಯಲ್ಲಿ ಯಾರೂ ಕ್ರಮ ಕೈಗೊಳ್ಳಲಾಗುವುದಿಲ್ಲ.

ಹೊಸದಾಗಿ ನೋಂದಾಯಿಸುವಾಗ ಬಿಲ್‌ನಲ್ಲಿರುವ ಖಾತೆ ಸಂಖ್ಯೆ, ಆಧಾರ್ ಮತ್ತು ಬಾಡಿಗೆ ಕರಾರು ಪತ್ರ ಬೇಕಾಗುತ್ತವೆ. ಶಿವಮೊಗ್ಗದಲ್ಲಿ ಸೊನ್ನೆ ಬಿಲ್ ಬರುತ್ತಿತ್ತು, ಇಲ್ಲಿಯೂ ಬರುತ್ತದೆ ಎಂದು ಮಾತ್ರ ಭಾವಿಸಬೇಡಿ. 2023ರಲ್ಲಿ ಯೋಜನೆ ಬಂದಾಗ 2022-23ನೇ ಆರ್ಥಿಕ ವರ್ಷದ ಸರಾಸರಿ ಬಳಕೆಗೆ ಶೇಕಡಾ 10 ಸೇರಿಸಿ ಉಚಿತ ಯೂನಿಟ್‌ಗಳನ್ನು ನಿಗದಿಪಡಿಸಿದರು. ಸರಾಸರಿ 80 ಇದ್ದ ಮೀಟರ್‌ಗೆ 88 ಯೂನಿಟ್ ಉಚಿತ. ಆ ಮನೆಯಲ್ಲಿ 110 ಯೂನಿಟ್ ಉರಿಸಿದರೆ ಹೆಚ್ಚಿನ 22 ಯೂನಿಟ್‌ಗೆ ಹಣ ಕಟ್ಟಬೇಕು. ತಿಂಗಳ ಬಳಕೆ 200 ದಾಟಿದರೆ ಪೂರ್ತಿ ಬಿಲ್ ನಿಮ್ಮದೇ. ಹಳೆಯ ಬಳಕೆಯ ದಾಖಲೆಯಿಲ್ಲದ ಹೊಸ ಸಂಪರ್ಕಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ ಎಂದು ಹಿಡಿದು 58 ಕೊಟ್ಟರು. ನಿಮ್ಮ ಅರ್ಹತೆ ಎಷ್ಟೆಂಬುದನ್ನು ನೋಂದಣಿಯಾದ ಮೇಲೆ ಬರುವ ಬಿಲ್‌ನಲ್ಲಿ ನೋಡಿಕೊಂಡು ಅದಕ್ಕೆ ತಕ್ಕಂತೆ ಗೀಸರ್ ಬಳಸಿ.

ಇನ್ನು ಮೀಟರ್ ಯಾವುದೆಂಬ ಪ್ರಶ್ನೆ. ಮಾಲೀಕರ ಅಂದಾಜನ್ನು ನಂಬಬೇಡಿ. ಅವರು ಸುಳ್ಳು ಹೇಳುತ್ತಾರೆಂದಲ್ಲ, ಮೂರು ಮೀಟರ್‌ಗಳಿರುವ ಕಡೆ ಅದಲುಬದಲಾಗಿರುವುದನ್ನು ನಾನೇ ಅನೇಕ ಬಾರಿ ಕಂಡಿದ್ದೇನೆ. ಒಬ್ಬರನ್ನು ಮೀಟರ್‌ಗಳ ಮುಂದೆ ನಿಲ್ಲಿಸಿ, ನೀವು ಮೇಲಿನ ಮನೆಯಲ್ಲಿ ಗೀಸರ್ ಹಾಕಿ. ಯಾವ ಮೀಟರ್‌ನ ಕೆಂಪು ಮಿಣುಕು ದೀಪ ಒಮ್ಮೆಲೇ ವೇಗ ಪಡೆಯುತ್ತದೋ ಅದೇ ನಿಮ್ಮದು. ಆಮೇಲೆ ಮನೆಯೊಳಗಿನ ಮೇನ್ ಸ್ವಿಚ್ ಆರಿಸಿ. ದೀಪ ಮಿಣುಕುವುದು ಪೂರ್ತಿ ನಿಲ್ಲಬೇಕು. ನಿಲ್ಲದಿದ್ದರೆ ನೀರಿನ ಪಂಪೋ, ಮೆಟ್ಟಿಲಿನ ದೀಪವೋ ನಿಮ್ಮ ಮೀಟರ್‌ನಿಂದ ಓಡುತ್ತಿದೆ ಎಂದರ್ಥ, ಅದನ್ನು ಕರಾರಿಗೆ ಸಹಿ ಹಾಕುವ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ಮೀಟರ್ ಮೇಲಿನ ಕ್ರಮಸಂಖ್ಯೆಯೂ ಓದುವ ಅಂಕಿಯೂ ಒಟ್ಟಿಗೆ ಕಾಣುವಂತೆ ಛಾಯಾಚಿತ್ರ ತೆಗೆದು ಮಾಲೀಕರಿಗೆ ಅದೇ ದಿನ ಕಳುಹಿಸಿ. ಬಿಡುವ ಮನೆಯಲ್ಲಿಯೂ ಹೀಗೆಯೇ ಮಾಡಿ.

ಬಿಲ್ ಕೈಗೆ ಬಂದಾಗ ಮೂರು ವಿಷಯಗಳನ್ನು ಓದಿ. ಜಕಾತಿ ವರ್ಗ, ಅಂದರೆ ದರದ ವರ್ಗ, ಗೃಹಬಳಕೆಯದೇ ಆಗಿರಬೇಕು. ಹಿಂದಿನವರು ಮನೆಯಲ್ಲಿ ವ್ಯಾಪಾರ ನಡೆಸಿ ವರ್ಗ ಬದಲಾಗಿದ್ದರೆ ಗೃಹಜ್ಯೋತಿ ಸಿಗುವುದಿಲ್ಲ. ಮಂಜೂರಾದ ಹೊರೆ (ಲೋಡ್) ಎಷ್ಟು ಕಿಲೋವ್ಯಾಟ್ ಎಂದು ನೋಡಿ, ನಿಗದಿತ ಶುಲ್ಕ ಅದರ ಮೇಲೆಯೇ ಬೀಳುತ್ತದೆ. 1 ಕಿಲೋವ್ಯಾಟ್ ಮಂಜೂರಾದ ಮನೆಯಲ್ಲಿ 2 ಕಿಲೋವ್ಯಾಟ್ ಗೀಸರ್ ಇದ್ದರೆ ಮಾಲೀಕರು ಹೊರೆಯನ್ನು ಹೆಚ್ಚಿಸಿಕೊಳ್ಳಬೇಕು. ಮೂರನೆಯದು ಬಾಕಿ. ಬಾಡಿಗೆದಾರರು ಸಂಪರ್ಕವನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಅಗತ್ಯವಿಲ್ಲ, ಹಿಂದಿನವರ ಬಾಕಿಯನ್ನು ಕಟ್ಟಬೇಕಾದ ನ್ಯಾಯವೂ ನಿಮ್ಮ ಮೇಲಿಲ್ಲ. ಆದರೆ ಬಾಕಿ ಆ ಮೀಟರ್‌ನ ಲೆಕ್ಕದಲ್ಲಿ ನಿಂತಿರುತ್ತದೆ. ವಿದ್ಯುಚ್ಛಕ್ತಿ ಕಾಯ್ದೆ 2003ರ 56ನೇ ಕಲಮಿನಂತೆ 15 ದಿನಗಳ ನೋಟಿಸ್ ಕೊಟ್ಟು ಸಂಪರ್ಕ ಕಡಿತ ಮಾಡುವ ಅಧಿಕಾರ ಕಂಪನಿಗೆ ಇದೆ. ಕಡಿತವಾದಾಗ ಕತ್ತಲೆಯಲ್ಲಿ ಕೂರುವವರು ನೀವು. ಆ ನೋಟಿಸ್ ಹಿಂದಿನವರ ಕಾಲದಲ್ಲಿಯೇ ಬಂದು ಹೋಗಿರಲೂಬಹುದು. ಹೀಗಾಗಿ ಬಾಕಿ ಸೊನ್ನೆಯಾಗಿರುವ ರಸೀದಿಯನ್ನು ನೋಡದೆ ಸಾಮಾನು ಇಳಿಸಬೇಡಿ.

ಕೊನೆಯದಾಗಿ, ಮೇನ್ ಸ್ವಿಚ್ ಪಕ್ಕದಲ್ಲಿ ವಿದ್ಯುತ್ ಸೋರಿದರೆ ತಾನೇ ಸಂಪರ್ಕ ಕಡಿಯುವ ಆರ್‌ಸಿಸಿಬಿ ಇದೆಯೇ ಎಂದು ನೋಡಿ, ಅದರ ಟೆಸ್ಟ್ ಗುಂಡಿ ಒತ್ತಿ. ಒತ್ತಿದ ತಕ್ಷಣ ಮನೆಯ ವಿದ್ಯುತ್ ಕಡಿದುಹೋಗಬೇಕು. ವಯಸ್ಸಾದ ತಾಯಿಯವರು ಒದ್ದೆ ಕೈಯಲ್ಲಿ ಸ್ವಿಚ್ ಮುಟ್ಟುವ ಮನೆಯಲ್ಲಿ ಇದು ಬಿಲ್‌ಗಿಂತಲೂ ಮುಖ್ಯ. ವಿದ್ಯುತ್ ದೂರುಗಳಿಗೆ 1912 ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

ಉತ್ತರ 2: ಅಡುಗೆಮನೆ

ನಾನು ಹದಿನಾರು ವರ್ಷ ಒಂದು ಗ್ಯಾಸ್ ಏಜೆನ್ಸಿಯಲ್ಲಿ ಕಾಗದಪತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ಮೇಲಿನ ಹಿರಿಯರು ಹೇಳಿದಂತೆ ಗ್ಯಾಸ್ ಸಂಪರ್ಕ ಮನುಷ್ಯರಿಗೆ ಸೇರಿದ್ದು. ಹೀಗಾಗಿ ಆ ಮನುಷ್ಯರು ಇಲ್ಲವಾದಾಗ ಮೊದಲು ಆಗಬೇಕಾದದ್ದು ಹೆಸರಿನ ಬದಲಾವಣೆ, ಊರಿನ ಬದಲಾವಣೆ ಅದರ ನಂತರ. ಈ ಎರಡನ್ನೂ ಶಿವಮೊಗ್ಗದ ಏಜೆನ್ಸಿಯಲ್ಲಿಯೇ ಮುಗಿಸಿ. ಬೆಂಗಳೂರಿಗೆ ಹೋದ ಮೇಲೆ ನೋಡೋಣ ಎಂದುಕೊಂಡರೆ ಒಂದು ಕಾಗದಕ್ಕಾಗಿ ಮುನ್ನೂರು ಕಿಲೋಮೀಟರ್ ಹಿಂದಿರುಗಿ ಬರಬೇಕಾಗುತ್ತದೆ.

ಏಜೆನ್ಸಿಯವರು ಸಂಪರ್ಕದಾರರ ಸಹಿ ಕೇಳಿದ್ದು ನಿಯಮದ ಪ್ರಕಾರವೇ ಇದೆ, ಆದರೆ ಸಂಪರ್ಕದಾರರು ತೀರಿಕೊಂಡಿದ್ದಾರೆಂದು ನೀವು ಲಿಖಿತವಾಗಿ ತಿಳಿಸಿದ ಕೂಡಲೇ ದಾರಿ ಬೇರೆಯಾಗುತ್ತದೆ. ತಂದೆಯವರ ಮರಣ ಪ್ರಮಾಣಪತ್ರ, ಮೂಲ ಚೀಟಿ, ಹೆಸರು ಪಡೆಯುವವರ ಗುರುತಿನ ಮತ್ತು ವಿಳಾಸದ ದಾಖಲೆ, ಉಳಿದ ವಾರಸುದಾರರ ಒಪ್ಪಿಗೆ ಪತ್ರ, ಇವುಗಳೊಂದಿಗೆ ಅರ್ಜಿ ಕೊಡಿ. ಅಣ್ಣ, ತಮ್ಮ, ಅಕ್ಕ, ತಂಗಿಯರು ಬೇರೆ ಊರಿನಲ್ಲಿದ್ದರೆ ಅವರ ಒಪ್ಪಿಗೆ ಪತ್ರವನ್ನು ಈ ವಾರವೇ ತರಿಸಿಕೊಳ್ಳಿ, ಸಾಮಾನ್ಯವಾಗಿ ತಡವಾಗುವುದು ಅದೊಂದೇ. ಆಧಾರ್ ಆಧಾರಿತ ಗುರುತಿನ ಪರಿಶೀಲನೆ (ಇ-ಕೆವೈಸಿ) ಮಾಡಬೇಕಾದಾಗ ವಯಸ್ಸಾದವರ ಬೆರಳಚ್ಚು ಎಷ್ಟೋ ಬಾರಿ ಹೊಂದುವುದಿಲ್ಲ. ಮುಖ ಗುರುತಿಸುವ ಕ್ರಮದಿಂದಲೂ ಅದನ್ನು ಮಾಡಬಹುದು. ಸಂಪರ್ಕ ತಾಯಿಯವರ ಹೆಸರಿಗೋ ನಿಮ್ಮ ಹೆಸರಿಗೋ ಎಂಬುದು ನಿಮ್ಮ ಮನೆಯ ತೀರ್ಮಾನ. ನಿಮ್ಮದು ವರ್ಗಾವಣೆಯಾಗುವ ನೌಕರಿಯಾದ್ದರಿಂದ, ಮುಂದೆ ಪ್ರತಿ ಊರಿನಲ್ಲಿಯೂ ಓಡಾಡಿ ಸಹಿ ಹಾಕಬೇಕಾದವರ ಹೆಸರಿನಲ್ಲಿ ಇರಲಿ ಎಂಬುದು ನನ್ನ ಸಲಹೆ.

ಹೆಸರು ಬದಲಾದ ಮೇಲೆ ಊರಿನ ಬದಲಾವಣೆಗೆ ಅರ್ಜಿ. ಇದರಲ್ಲಿ ಎರಡು ವಿಧ. ಒಂದೇ ಊರಿನೊಳಗೆ ಬಡಾವಣೆ ಬದಲಿಸಿದರೆ ಸಿಲಿಂಡರ್, ರೆಗ್ಯುಲೇಟರ್ ಹಿಂದಿರುಗಿಸಬೇಕಾಗಿಲ್ಲ, ಏಜೆನ್ಸಿ ಬದಲಾವಣೆಯ ಸೂಚನಾ ಪತ್ರ ಒಂದು ಸಾಕು. ನಿಮ್ಮಂತೆ ಊರೇ ಬದಲಾದಾಗ ಎರಡೂ ಸಿಲಿಂಡರ್‌ಗಳನ್ನೂ ರೆಗ್ಯುಲೇಟರನ್ನೂ ಹಿಂದಿರುಗಿಸಿ, ಚೀಟಿಯಲ್ಲಿ ನಮೂದಾಗಿರುವ ಠೇವಣಿಯನ್ನು ವಾಪಸು ಪಡೆದು, ‘ಟ್ರಾನ್ಸ್‌ಫರ್ ವೋಚರ್’ ತೆಗೆದುಕೊಳ್ಳಬೇಕು. ನಾವೆಲ್ಲ ಅದನ್ನು ಟಿ.ವಿ. ಎಂದೇ ಕರೆಯುತ್ತಿದ್ದೆವು. ಬೆಂಗಳೂರಿನಲ್ಲಿ ಅದೇ ಕಂಪನಿಯ ಏಜೆನ್ಸಿಗೆ, ಎಂದರೆ ಇಂಡೇನ್ ಆಗಿದ್ದರೆ ಇಂಡೇನ್, ಭಾರತ್ ಗ್ಯಾಸ್ ಆಗಿದ್ದರೆ ಭಾರತ್ ಗ್ಯಾಸ್, ಎಚ್‌ಪಿ ಆಗಿದ್ದರೆ ಎಚ್‌ಪಿ ಏಜೆನ್ಸಿಗೆ, ಆ ವೋಚರ್ ಮತ್ತು ಬಾಡಿಗೆ ಕರಾರು ಪತ್ರ ಕೊಟ್ಟು ಠೇವಣಿ ಕಟ್ಟಿದರೆ, ನಿಮ್ಮ ಮೂಲ ಚೀಟಿಯಂಥದ್ದೇ ಹೊಸ ಸಬ್‌ಸ್ಕ್ರಿಪ್ಷನ್ ವೋಚರ್ ಕೊಡುತ್ತಾರೆ. ನಿಮ್ಮ ತಂದೆಯವರ ಚೀಟಿಯಲ್ಲಿರುವ ಮೊತ್ತ ಅಂದಿನ ಕಾಲದ್ದಾದ್ದರಿಂದ ಸಣ್ಣದಾಗಿರುತ್ತದೆ. ಹೊಸದಾಗಿ ಸಂಪರ್ಕ ಪಡೆಯುವವರಿಗೆ 2022ರ ಜೂನ್‌ನಲ್ಲಿ 14.2 ಕಿಲೋ ಸಿಲಿಂಡರ್‌ನ ಠೇವಣಿಯನ್ನು 1,450ರಿಂದ 2,200 ರೂಪಾಯಿಗೂ, ರೆಗ್ಯುಲೇಟರ್‌ನದನ್ನು 150ರಿಂದ 250 ರೂಪಾಯಿಗೂ ಏರಿಸಿದ್ದಾರೆ. ಇದು ಹಿಂದಿರುಗಿ ಬರುವ ಹಣ, ಆದರೆ ಚೀಟಿ ಇದ್ದರೆ ಮಾತ್ರ. ಹೊಸ ಚೀಟಿಯನ್ನು ಮನೆಯ ಪತ್ರಗಳೊಂದಿಗೆ ಇಡಿ.

ಸಿಲಿಂಡರ್‌ಗಳನ್ನು ಲಾರಿಯಲ್ಲಿ ಒಯ್ಯುವ ಯೋಚನೆಯನ್ನು ದಯವಿಟ್ಟು ಬಿಟ್ಟುಬಿಡಿ. ಮುಚ್ಚಿದ ಲಾರಿಯಲ್ಲಿ ಹಾಸಿಗೆ, ಬಟ್ಟೆ, ಮರದ ಸಾಮಾನುಗಳ ನಡುವೆ ಅಡ್ಡ ಮಲಗಿದ ಸಿಲಿಂಡರ್‌ನ ಕವಾಟ ಸ್ವಲ್ಪ ಸಡಿಲವಾದರೂ ಸಾಕು, ಗಾಳಿಗಿಂತ ಭಾರವಾದ ಆ ಅನಿಲ ಹೊರಗೆ ಹೋಗದೆ ನೆಲದಲ್ಲಿಯೇ ತುಂಬಿಕೊಳ್ಳುತ್ತದೆ. ರೈಲಿನಲ್ಲಂತೂ ಅದು ಶಿಕ್ಷಾರ್ಹ ಅಪರಾಧ. ಒಲೆ ನಿಮ್ಮದು, ಅದನ್ನು ಒಯ್ಯಿರಿ. ಹಿಂದಿರುಗಿಸುವ ಸಿಲಿಂಡರ್‌ನಲ್ಲಿ ಉಳಿದ ಅನಿಲಕ್ಕೆ ಹಣ ಸಿಗುವುದಿಲ್ಲ, ಆದುದರಿಂದ ಈಗಿನಿಂದ ಹೊಸ ಸಿಲಿಂಡರ್ ಕಾಯ್ದಿರಿಸದೆ ಇರುವುದನ್ನೇ ಬಳಸಿ ಮುಗಿಸಿ. ರಬ್ಬರ್ ಕೊಳವೆಯನ್ನು ಹಳೆಯದೇ ಇರಲಿ ಎಂದು ಒಯ್ಯಬೇಡಿ. ‘ಸುರಕ್ಷಾ’ ಎಂಬ ಕಿತ್ತಳೆ ಬಣ್ಣದ ಕೊಳವೆಯ ಮೇಲೆ ಅವಧಿ ಮುದ್ರಿತವಾಗಿರುತ್ತದೆ, ಐದು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು.

ವಿಳಾಸ ಬದಲಾವಣೆಯನ್ನು ಬರೀ ಸಿಲಿಂಡರ್ ಮನೆಗೆ ಬರಲೆಂದು ಮಾಡಿಸುವುದಲ್ಲ. ತೈಲ ಕಂಪನಿಗಳು ಗ್ರಾಹಕರಿಗಾಗಿ ಸಾರ್ವಜನಿಕ ಹೊಣೆಗಾರಿಕೆಯ ವಿಮೆ ಮಾಡಿಸಿರುತ್ತವೆ. ಗ್ಯಾಸ್ ಅಪಘಾತದಲ್ಲಿ ಆಸ್ತಿಗೆ ಆದ ಹಾನಿಗೆ ಪರಿಹಾರ ಕೊಡುವಾಗ, ಆ ಅಪಘಾತ ನೋಂದಾಯಿತ ವಿಳಾಸದಲ್ಲಿಯೇ ನಡೆದಿತ್ತೇ ಎಂದು ನೋಡುತ್ತಾರೆ. ಹಳೆಯ ಊರಿನ, ಅದೂ ತೀರಿಕೊಂಡವರ ಹೆಸರಿನ ಸಂಪರ್ಕವನ್ನು ಹೊಸ ಊರಿನಲ್ಲಿ ಉರಿಸುತ್ತಿದ್ದರೆ ಆ ರಕ್ಷಣೆ ಕೈತಪ್ಪುವ ಅಪಾಯವಿದೆ. ಇದನ್ನು ಹೆದರಿಸಲು ಹೇಳುತ್ತಿಲ್ಲ. ಇಷ್ಟು ವರ್ಷ ಕಾಗದಗಳನ್ನು ನೋಡಿದ ಮೇಲೆ ನನಗೆ ಬಹಳ ಮುಖ್ಯವೆನಿಸಿದ ಸಂಗತಿ ಇದು.

ಗ್ಯಾಸ್ ಪುಸ್ತಕದ ಬಗ್ಗೆ ತಾಯಿಯವರು ಚಿಂತಿಸಬೇಕಾಗಿಲ್ಲ. ಠೇವಣಿಗೆ ಆಧಾರ ಮೂಲ ಚೀಟಿಯೇ ಹೊರತು ಪುಸ್ತಕವಲ್ಲ. ಹೊಸ ಹೆಸರಿನಲ್ಲಿ ಹೊಸ ಪುಸ್ತಕ ಕೊಟ್ಟಾಗ ಹಳೆಯದನ್ನು ಇಟ್ಟುಕೊಳ್ಳುತ್ತೇವೆಂದು ಕೇಳಿ. ನಮ್ಮಲ್ಲಿ ಹಾಗೆ ಕೇಳಿದವರಿಗೆ ಒಳಗೆ ರದ್ದಾಗಿದೆ ಎಂದು ಬರೆದು ಹಿಂದಿರುಗಿಸುತ್ತಿದ್ದೆವು. ಕಾರಣ ಹೇಳಿದರೆ ಯಾರೂ ಇಲ್ಲವೆನ್ನಲಾರರು.

ಬೆಂಗಳೂರಿನಲ್ಲಿ ಸಂಪರ್ಕ ಕೊಡುವಾಗ ಒಲೆಯನ್ನೂ ಏಜೆನ್ಸಿಯಲ್ಲಿಯೇ ಕೊಳ್ಳಬೇಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ, ಐಎಸ್ಐ ಗುರುತಿರುವ ನಿಮ್ಮ ಒಲೆ ಸಾಕು. ಮೊದಲ ಸಿಲಿಂಡರ್ ಬಂದಾಗ ತೂಕ ಮಾಡಿಸಿ. ಸಿಲಿಂಡರ್ ಮೇಲೆ ಬರೆದಿರುವ ಖಾಲಿ ತೂಕಕ್ಕೆ 14.2 ಕಿಲೋ ಸೇರಿಸಿದಷ್ಟು ಇರಬೇಕು. ಹಿಡಿಕೆಯ ಪಟ್ಟಿಯ ಒಳಬದಿಯಲ್ಲಿ ಎ, ಬಿ, ಸಿ, ಡಿ ಅಕ್ಷರಗಳಲ್ಲಿ ಒಂದು ಮತ್ತು ವರ್ಷದ ಅಂಕಿ ಇರುತ್ತದೆ. ಎ ಎಂದರೆ ಜನವರಿಯಿಂದ ಮಾರ್ಚ್, ಡಿ ಎಂದರೆ ಅಕ್ಟೋಬರ್‌ನಿಂದ ಡಿಸೆಂಬರ್. ಮರುಪರೀಕ್ಷೆ ಆಗಬೇಕಾದ ಆ ಅವಧಿ ದಾಟಿದ ಸಿಲಿಂಡರನ್ನು ತೆಗೆದುಕೊಳ್ಳಬೇಡಿ. ಸೋರಿಕೆಯ ವಾಸನೆ ಬಂದರೆ ಯಾವ ಸ್ವಿಚ್ಚನ್ನೂ ಮುಟ್ಟದೆ ಕಿಟಕಿ ತೆರೆದು, ಹೊರಗೆ ಬಂದು 1906ಕ್ಕೆ ಕರೆ ಮಾಡಿ.

ಹಾಲು ಉಕ್ಕಿಸುವ ದಿನಕ್ಕೆ ಒಂದು ಉಪಾಯವಿದೆ. ಇಂಡೇನ್‌ನವರು ‘ಛೋಟು’ ಎಂಬ 5 ಕಿಲೋ ಸಿಲಿಂಡರನ್ನು ವಿಳಾಸದ ದಾಖಲೆ ಕೇಳದೆ, ಗುರುತಿನ ಚೀಟಿಯೊಂದನ್ನು ಮಾತ್ರ ನೋಡಿ ಮಾರುತ್ತಾರೆ. ಏಜೆನ್ಸಿಗಳಲ್ಲಿ ಮತ್ತು ಕೆಲವು ಪೆಟ್ರೋಲ್ ಬಂಕ್‌ಗಳಲ್ಲಿ ಸಿಗುತ್ತದೆ. ಅದಕ್ಕೆ ಹೊಂದುವ ರೆಗ್ಯುಲೇಟರನ್ನು ಅಲ್ಲಿಯೇ ಕೇಳಿ ಪಡೆಯಿರಿ. ಹೊಸ ಸಂಪರ್ಕ ಬರುವವರೆಗೆ ಇಬ್ಬರಿಗೆ ಅದು ಧಾರಾಳವಾಗಿ ಸಾಕು.

ತುಂಗಾತೀರ

ಇಬ್ಬರಿಗೂ ಹೃತ್ಪೂರ್ವಕ ವಂದನೆಗಳು. ಪುಸ್ತಕದ ವಿಷಯವನ್ನು ಅಮ್ಮನಿಗೆ ಓದಿ ಹೇಳಿದಾಗ ಅವರ ಮುಖ ಅರಳಿತು. ಬೆಂಗಳೂರಿನ ಮಾಲೀಕರು ಇಂದು ಇನ್ನೊಂದು ಮಾತು ಹೇಳಿದರು. ಆ ರಸ್ತೆಯಲ್ಲಿ ಕೊಳವೆ ಗ್ಯಾಸ್ ಬಂದಿದ್ದು, ಅಡುಗೆಮನೆಯವರೆಗೆ ತಾಮ್ರದ ಕೊಳವೆಯೂ ಮೀಟರ್ ಕೂಡ ಇದೆಯಂತೆ; ಹಿಂದಿನವರು ಅದನ್ನು ಬಳಸುತ್ತಿದ್ದರಂತೆ. ಹಾಗಾದರೆ ಸಿಲಿಂಡರ್ ಸಂಪರ್ಕದ ಶ್ರಮವೇ ಬೇಡವೇ? ನಮ್ಮ ಹಳೆಯ ಒಲೆ ಅದಕ್ಕೆ ಆಗುತ್ತದೆಯೇ?

ಉತ್ತರ 3: ಕೊಂಡ ಮನೆ

ನಾನು ಬೆಂಗಳೂರಿನಲ್ಲಿ ಗೇಲ್ ಗ್ಯಾಸ್ ಸಂಸ್ಥೆಯ ಕೊಳವೆ ಅನಿಲವಿರುವ ಫ್ಲ್ಯಾಟ್ ಕೊಂಡು ವಾಸಿಸುತ್ತಿರುವುದರಿಂದ ಇದರ ಬಗ್ಗೆ ಹೇಳಬಲ್ಲೆ. ಕೊಳವೆ ಗ್ಯಾಸ್ ಹೆಸರಿಗೆ ಗ್ಯಾಸ್ ಆದರೂ ನಡವಳಿಕೆಯಲ್ಲಿ ವಿದ್ಯುತ್ತಿನ ಹಾಗೆ, ಮನೆಗೆ ಅಂಟಿಕೊಂಡಿರುತ್ತದೆ. ಮೀಟರ್ ಇದೆ, ಬಿಲ್ ಬರುತ್ತದೆ, ಬಾಕಿ ಉಳಿಯುತ್ತದೆ. ಹೀಗಾಗಿ ಖಾತೆ ಯಾರ ಹೆಸರಿನಲ್ಲಿದೆ, ಬಾಕಿ ಇದೆಯೇ, ಸದ್ಯ ಸರಬರಾಜು ಚಾಲ್ತಿಯಲ್ಲಿದೆಯೇ ಎಂಬ ಮೂರನ್ನೂ ಕೇಳಿ, ಆ ಮೀಟರ್‌ನ ಛಾಯಾಚಿತ್ರವನ್ನೂ ತೆಗೆದಿಡಿ.

ಒಲೆಯನ್ನು ಹಾಗೆಯೇ ಜೋಡಿಸಬಾರದು. ಸಿಲಿಂಡರ್‌ನ ಅನಿಲ ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ, ಕೊಳವೆಯಲ್ಲಿ ಬರುವುದು ಬಹುಪಾಲು ಮೀಥೇನ್. ಅಷ್ಟೇ ಪರಿಮಾಣದ ಮೀಥೇನ್ ಕೊಡುವ ಶಾಖ ಕಡಿಮೆ, ಅದು ಬರುವ ಒತ್ತಡವೂ ಕಡಿಮೆ. ಆದ್ದರಿಂದ ಒಲೆಯಲ್ಲಿ ಅನಿಲ ಹೊರಬರುವ ಸಣ್ಣ ಭಾಗವಾದ ಜೆಟ್‌ನ ರಂಧ್ರ ದೊಡ್ಡದಾಗಿರಬೇಕು. ಅದನ್ನು ಸಂಸ್ಥೆಯ ತಂತ್ರಜ್ಞರಿಂದಲೇ ಬದಲಿಸಿ. ಹೀಗೆ ಬದಲಿಸಿದ ಒಲೆಗೆ ಮತ್ತೆಂದೂ ಹಾಗೆಯೇ ಸಿಲಿಂಡರ್ ಜೋಡಿಸಬೇಡಿ, ಜ್ವಾಲೆ ಅಪಾಯಕಾರಿಯಾಗಿ ಏಳುತ್ತದೆ. ಛೋಟು ತಂದು ಹಾಲು ಉಕ್ಕಿಸುವುದಾದರೆ ಜೆಟ್ ಬದಲಿಸುವುದಕ್ಕೆ ಮೊದಲೇ ಆಗಬೇಕು ಎಂಬುದನ್ನು ಮರೆಯಬೇಡಿ. ಮೀಥೇನ್ ಗಾಳಿಗಿಂತ ಹಗುರವಾದ್ದರಿಂದ ಸೋರಿದರೆ ಮೇಲಕ್ಕೆ ಹೋಗುತ್ತದೆ. ಅಡುಗೆಮನೆಯ ಮೇಲ್ಭಾಗದ ಗಾಳಿಕಿಂಡಿಯನ್ನು ಮುಚ್ಚಬೇಡಿ.

ಕೊಳವೆ ಇದ್ದರೂ ಶಿವಮೊಗ್ಗದ ಕೆಲಸವನ್ನು ಬಿಡಬಾರದು ಎಂಬುದು ನನ್ನ ಅಭಿಪ್ರಾಯ. ಹೆಸರಿನ ಬದಲಾವಣೆ ಹೇಗೂ ಆಗಲೇಬೇಕು, ಸಿಲಿಂಡರ್‌ಗಳನ್ನು ಹಿಂದಿರುಗಿಸಲೇಬೇಕು. ವೋಚರ್ ಕೈಯಲ್ಲಿದ್ದರೆ ಮುಂದಿನ ವರ್ಗಾವಣೆ ಕೊಳವೆಯಿಲ್ಲದ ಊರಿಗೆ ಆದಾಗಲೂ ಹೇಳಿಕೊಳ್ಳಲು ಒಂದು ದಾಖಲೆ ಉಳಿಯುತ್ತದೆ. ಅದರ ಮೇಲೆ ಮುದ್ರಿಸಿರುವ ಅವಧಿಯನ್ನು ಮಾತ್ರ ನೋಡಿಕೊಳ್ಳಿ.

ಬಾಕಿಯ ವಿಚಾರದಲ್ಲಿ ನನ್ನ ಅನುಭವವನ್ನೂ ಬರೆಯುತ್ತೇನೆ, ಏಕೆಂದರೆ ಈ ಚರ್ಚೆಯನ್ನು ಮನೆ ಕೊಳ್ಳುವವರೂ ಓದಬಹುದು. ನಾನು ಕೊಳ್ಳುವಾಗ ಮಾರುವವರ ಮಾತು ನಂಬಿ ವಿದ್ಯುತ್ ಬಿಲ್ ನೋಡಲಿಲ್ಲ. ನೋಂದಣಿಯಾದ ಮೇಲೆ ಹೆಸರು ಬದಲಾವಣೆಗೆ ಹೋದಾಗ ಹನ್ನೆರಡು ಸಾವಿರ ರೂಪಾಯಿ ಬಾಕಿ ಕಂಡಿತು, ಅದನ್ನು ಕಟ್ಟದೆ ಅರ್ಜಿ ಮುಂದೆ ಹೋಗಲಿಲ್ಲ. ಇದು ಅನ್ಯಾಯವೆಂದು ಆಗ ನನಗೆ ಅನಿಸಿತ್ತು. ಆದರೆ 2023ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಕೇರಳ ರಾಜ್ಯ ವಿದ್ಯುತ್ ಮಂಡಳಿಯ ಪ್ರಕರಣದಲ್ಲಿ, ನಿಯಮಗಳಲ್ಲಿ ಅವಕಾಶವಿದ್ದರೆ ಹಿಂದಿನ ಮಾಲೀಕರ ಬಾಕಿಯನ್ನು ಹೊಸ ಮಾಲೀಕರಿಂದ ಕೇಳಬಹುದೆಂದು ಸ್ಪಷ್ಟಪಡಿಸಿದೆ. ಹೀಗಿರುವಾಗ ಕ್ರಯಪತ್ರಕ್ಕೆ ಸಹಿ ಹಾಕುವ ದಿನವೇ ಬಾಕಿ ಇಲ್ಲದ ಬಿಲ್ ಕೇಳುವುದು ಕೊಳ್ಳುವವರ ಹಕ್ಕು, ಕರ್ತವ್ಯ ಎರಡೂ ಹೌದು. ಕ್ರಯಪತ್ರದಲ್ಲಿಯೇ ವಿದ್ಯುತ್ ಠೇವಣಿಯನ್ನು ಕೊಳ್ಳುವವರಿಗೆ ಬಿಟ್ಟುಕೊಟ್ಟಿರುವುದಾಗಿ ಒಂದು ಸಾಲು ಬರೆಸಿದರೆ ಮಾರಿದವರ ಒಪ್ಪಿಗೆ ಪತ್ರಕ್ಕಾಗಿ ಆಮೇಲೆ ಅಲೆಯುವುದು ತಪ್ಪುತ್ತದೆ.

ತುಂಗಾತೀರ

ಬಂದು ಒಂಬತ್ತು ದಿನಗಳಾದವು. ಬೇರೆಯವರಿಗೂ ಉಪಯೋಗವಾಗಲೆಂದು ನಡೆದದ್ದನ್ನು ಬರೆಯುತ್ತಿದ್ದೇನೆ.

ಅಣ್ಣನ ಒಪ್ಪಿಗೆ ಪತ್ರ ಅಂಚೆಯಲ್ಲಿ ಬರಲು ಐದು ದಿನ ಹಿಡಿಯಿತು, ಹೆಸರಿನ ಬದಲಾವಣೆ ಅದು ತಲುಪಿದ ಮರುದಿನವೇ ಆಯಿತು. ಸಂಪರ್ಕ ನನ್ನ ಹೆಸರಿಗೆ ಬಂದಿದೆ. ಹಳೆಯ ಪುಸ್ತಕವನ್ನು ಏಜೆನ್ಸಿಯ ಹಿರಿಯರೊಬ್ಬರು ಎರಡೂ ಕೈಗಳಿಂದ ಅಮ್ಮನಿಗೆ ಹಿಂದಿರುಗಿಸಿದರು. ಸಿಲಿಂಡರ್‌ಗಳನ್ನು ಹೊರಡುವ ಹಿಂದಿನ ದಿನ ಒಪ್ಪಿಸಿ ವೋಚರ್ ಪಡೆದೆ.

ಬೆಂಗಳೂರಿನಲ್ಲಿ ಗೀಸರ್ ಹಾಕಿ ನೋಡಿದಾಗ ಮಿಣುಕಿದ್ದು ಮಧ್ಯದ ಮೀಟರ್ ಅಲ್ಲ, ಬಲಗಡೆಯದು. ಮೇನ್ ಸ್ವಿಚ್ ಆರಿಸಿದಾಗ ಅದು ಪೂರ್ತಿ ನಿಂತಿತು. ಮಾಲೀಕರು ಆಶ್ಚರ್ಯಪಟ್ಟು, ಮೂರಕ್ಕೂ ಚೀಟಿ ಅಂಟಿಸಿದ್ದಾರೆ. ಎರಡು ತಿಂಗಳ ಬಾಕಿ ಇದ್ದದ್ದು ಮಧ್ಯದ ಮೀಟರ್‌ಗೆ, ಅದು ನೆಲಮಹಡಿಯವರದು. ನಮ್ಮ ಮೀಟರ್‌ಗೆ ಒಂದೇ ತಿಂಗಳ ಬಾಕಿ ಇತ್ತು, ಅದನ್ನು ಮಾಲೀಕರು ಕಟ್ಟಿ ರಸೀದಿ ಕೊಟ್ಟರು. ಹಿಂದಿನ ಬಾಡಿಗೆದಾರರು ಮಾಲೀಕರ ಕರೆಗೆ ಓಗೊಟ್ಟು ಡಿ-ಲಿಂಕ್ ಮಾಡಿದ್ದಾರೆ. ನಿನ್ನೆ ನನ್ನ ಗೃಹಜ್ಯೋತಿ ಅರ್ಜಿ ಸಲ್ಲಿಕೆಯಾಯಿತು. ಟೆಸ್ಟ್ ಗುಂಡಿ ಒತ್ತಿದಾಗ ವಿದ್ಯುತ್ ಕಡಿಯಲಿಲ್ಲವಾದ್ದರಿಂದ ಹೊಸ ಆರ್‌ಸಿಸಿಬಿ ಹಾಕಿಸಿದ್ದೇವೆ. ಅದರ ಖರ್ಚನ್ನು ಮಾಲೀಕರು ಬಾಡಿಗೆಯಲ್ಲಿ ಮುರಿದುಕೊಳ್ಳಲು ಒಪ್ಪಿದ್ದಾರೆ.

ಕೊಳವೆ ಗ್ಯಾಸ್‌ನ ಖಾತೆ ಬದಲಾವಣೆಗೆ ಅರ್ಜಿ ಕೊಟ್ಟಿದ್ದು, ಜೆಟ್ ಬದಲಿಸುವವರು ಮುಂದಿನ ಗುರುವಾರ ಬರುತ್ತಾರೆ. ಅಲ್ಲಿಯವರೆಗೆ ಛೋಟುವಿನಲ್ಲಿಯೇ ಅಡುಗೆ. ಬಂದ ದಿನ ಬೆಳಗ್ಗೆ ಏಳೂವರೆಗೆ ಅದರ ಮೇಲೆಯೇ ಹಾಲು ಉಕ್ಕಿತು.